ಮಾಳಿಗೆ ಹತ್ತಿ ಯುರೇನಸ್ ನೋಡೋಣ ಬನ್ನಿ

ನಮ್ಮ ಮನೆಯ ಹಾಲಿನ ಲೆಕ್ಕದ ವಹಿಯನ್ನು ತೆರೆದು ನೋಡಿದರೆ ಮೊದಲ ಹಾಳೆಗಳಲ್ಲಿ ಎಲ್ಲರ ಮನೆಯಲ್ಲಿ ಇರುವಂಥದೇ ಬರಹ: ಸೋಮವಾರ ಒಂದು ಲೀಟರ್, ಮಂಗಳವಾರ ಒಂದೂವರೆ, ಬುಧವಾರ ಬಂದಿಲ್ಲ. ಕೊನೆಯ ಹಾಳೆಗಳಲ್ಲಿ ಮಾತ್ರ ಬರೀ ಚುಕ್ಕಿಗಳು! ಹೊಸ ರಂಗೋಲಿ ಇರಬೇಕೆಂದು ನೆರೆಮನೆಯಾಕೆ ಒಮ್ಮೆ ನಕಲು ಮಾಡಿಕೊಳ್ಳಲು ಪೆನ್ಸಿಲು ಕೇಳಿದ್ದುಂಟು. ರಂಗೋಲಿಯಲ್ಲ ಸೋದರಿಯರೇ, ಅದು ನವನಗರದ ನಮ್ಮ ಮಾಳಿಗೆಯಿಂದ ಕಂಡ ಆಕಾಶ. ಆ ಚುಕ್ಕಿಗಳಲ್ಲಿ ಒಂದು ಚುಕ್ಕಿ ನಕ್ಷತ್ರವಲ್ಲ, ಗ್ರಹ. ಹೆಸರು ಯುರೇನಸ್.

"ಗ್ರಹ ನೋಡುವುದು ನಮ್ಮಂಥವರ ಕೆಲಸವೇ? ರೊಟ್ಟಿ ಬಡಿದು, ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸುವಷ್ಟರಲ್ಲಿ ಕಣ್ಣು ಎಳೆಯುತ್ತವೆ" ಎಂದು ನೀವು ಅನ್ನಬಹುದು. ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಈ ಗ್ರಹದ ಕಥೆ ಗೊತ್ತಾದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಇದನ್ನು ಕಂಡುಹಿಡಿದದ್ದು ದೊಡ್ಡ ವೇಧಶಾಲೆಯಲ್ಲಿ ಅಲ್ಲ, ಒಂದು ಬಾಡಿಗೆ ಮನೆಯ ಹಿತ್ತಲಲ್ಲಿ. ಅದಕ್ಕೆ ಬೇಕಾದದ್ದು ತಾಳ್ಮೆ ಮತ್ತು ಕಂಡದ್ದನ್ನು ಕಂಡ ಹಾಗೆ ಬರೆದಿಡುವ ಅಭ್ಯಾಸ. ಹಾಲಿನ ವಹಿ ಬರೆಯುವ ನಮಗೆ ಆ ಅಭ್ಯಾಸವನ್ನು ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ.

ನವಗ್ರಹದಲ್ಲಿ ಇಲ್ಲದ ಗ್ರಹ

ನಮ್ಮ ಹಿರಿಯರು ನಮಸ್ಕರಿಸಿದ ಒಂಬತ್ತರಲ್ಲಿ ಯುರೇನಸ್ ಇಲ್ಲ. ಶನಿಯಿಂದಾಚೆಗೆ ಇರುವ ಈ ಗ್ರಹ ಸೂರ್ಯನಿಂದ ಸುಮಾರು 290 ಕೋಟಿ ಕಿಲೋಮೀಟರ್ ದೂರ. ನಮ್ಮ ಭೂಮಿಗೂ ಸೂರ್ಯನಿಗೂ ಇರುವ ಅಂತರದ 19 ಪಟ್ಟು! ನೀವು ಸಂಜೆ ಆರೂವರೆಗೆ ದೇವರ ಮುಂದೆ ದೀಪ ಹಚ್ಚುವಾಗ ಅಲ್ಲಿಂದ ಹೊರಟ ಬೆಳಕು, ಊಟ ಮುಗಿದು ಒಲೆಕಟ್ಟೆ ಒರೆಸುವ ಒಂಬತ್ತು ಗಂಟೆಯ ಹೊತ್ತಿಗೆ ನಿಮ್ಮ ಮಾಳಿಗೆಗೆ ಬಂದು ಮುಟ್ಟುತ್ತದೆ.

ಅಡ್ಡಳತೆಯಲ್ಲಿ ಅದು ಭೂಮಿಯ ನಾಲ್ಕರಷ್ಟು ದೊಡ್ಡದು. ಸೂರ್ಯನನ್ನು ಒಂದು ಸುತ್ತು ಹಾಕಲು ಅದಕ್ಕೆ 84 ವರ್ಷ ಬೇಕು. ಸಹಸ್ರ ಚಂದ್ರ ದರ್ಶನದ ಶಾಂತಿ ಮಾಡಿಸಿಕೊಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರು ಹೆಚ್ಚುಕಡಿಮೆ ಯುರೇನಸ್ಸಿನ ಒಂದು ವರ್ಷವನ್ನು ಕಂಡವರು. ಉಳಿದ ಗ್ರಹಗಳು ಬುಗುರಿಯಂತೆ ನಿಂತು ತಿರುಗಿದರೆ ಇದು ಪಕ್ಕಕ್ಕೆ ಮಲಗಿ ಉರುಳುತ್ತದೆ. ಹೀಗಾಗಿ ಅದರ ಒಂದೊಂದು ಧ್ರುವಕ್ಕೆ ಸುಮಾರು 42 ವರ್ಷ ಹಗಲು, 42 ವರ್ಷ ರಾತ್ರಿ.

ಮೋಜಿನ ಸಂಗತಿಯೆಂದರೆ, ಕಣ್ಣು ಚುರುಕಾಗಿದ್ದು ಆಕಾಶ ಕಪ್ಪಾಗಿದ್ದರೆ ಯಾವ ದುರ್ಬೀನೂ ಇಲ್ಲದೆ ಇದು ತೀರ ಮಂಕಾದ ಚುಕ್ಕಿಯಾಗಿ ಕಾಣುತ್ತದೆ. ಬಾದಾಮಿಯ ಗುಡ್ಡದಲ್ಲಿ ಗುಹೆ ಕೊರೆದ ಶಿಲ್ಪಿಗಳ ತಲೆಯ ಮೇಲೂ ಇದು ಹಾದುಹೋಗಿದೆ. ಆದರೆ ಸಾವಿರ ಚುಕ್ಕಿಗಳ ನಡುವೆ ಇದೊಂದು ಚುಕ್ಕಿ ಮೆಲ್ಲಗೆ ಸರಿಯುತ್ತಿದೆ ಎಂದು ಹೇಳುವವರು ಯಾರು? ಅದಕ್ಕೆ ನಿನ್ನೆಯದನ್ನೂ ಇಂದಿನದನ್ನೂ ಬರೆದು ಹೋಲಿಸಬೇಕು.

ಕಂಡರು, ಹೆಸರು ಮಾತ್ರ ತಪ್ಪಿತು

1690ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಜ ಖಗೋಳಜ್ಞ ಜಾನ್ ಫ್ಲಾಮ್‌ಸ್ಟೀಡ್ ಆಕಾಶದ ನಕ್ಷತ್ರಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತಿದ್ದರು. ವೃಷಭ ರಾಶಿಯಲ್ಲಿ ಒಂದು ಮಂಕು ಚುಕ್ಕಿ ಕಂಡಿತು. ಅದನ್ನೂ ಬರೆದಿಟ್ಟರು. ವೃಷಭದ 34ನೆಯ ನಕ್ಷತ್ರವೆಂದು ಅದು ಪಟ್ಟಿ ಸೇರಿತು. ಅದೇ ಯುರೇನಸ್! ಮರುರಾತ್ರಿ ಅದೇ ಜಾಗವನ್ನು ಇನ್ನೊಮ್ಮೆ ಪರೀಕ್ಷಿಸಿದ್ದರೆ ಗ್ರಹ ಅವರ ಕೈಗೆ ಸಿಗುತ್ತಿತ್ತೋ ಏನೋ.

ಮುಂದೆ 90 ವರ್ಷ ಕಳೆದವು. ಬಾತ್ ಎಂಬ ಊರಿನಲ್ಲಿ ವಿಲಿಯಂ ಹರ್ಷೆಲ್ ಎಂಬ ಸಂಗೀತದ ಮೇಷ್ಟರಿದ್ದರು. ಹಗಲು ಪಾಠ, ಕಚೇರಿ, ರಾತ್ರಿ ಆಕಾಶ. ದೂರದರ್ಶಕ ಕೊಳ್ಳುವಷ್ಟು ಹಣವಿಲ್ಲದೆ ತಾವೇ ತಾಮ್ರ, ತವರ ಕರಗಿಸಿ ಕನ್ನಡಿ ಎರಕ ಹೊಯ್ದು, ಉಜ್ಜಿ ಉಜ್ಜಿ ಹೊಳಪು ಕೊಟ್ಟು ಅದನ್ನು ತಯಾರಿಸಿದರು. 1781ರ ಮಾರ್ಚ್ 13ರ ರಾತ್ರಿ ನ್ಯೂ ಕಿಂಗ್ ಬೀದಿಯ ಮನೆಯ ಹಿತ್ತಲಿನಲ್ಲಿ ಏಳು ಅಡಿ ಉದ್ದದ ಆ ದೂರದರ್ಶಕದಲ್ಲಿ ನೋಡುತ್ತಿದ್ದಾಗ ಒಂದು ಚುಕ್ಕಿ ಉಳಿದವುಗಳಂತೆ ಸೂಜಿಮೊನೆಯಾಗಿರದೆ ಸಣ್ಣ ಬಿಲ್ಲೆಯಾಗಿ ಕಂಡಿತು. ಅವರು ಅದನ್ನು ಧೂಮಕೇತು ಎಂದು ಬರೆದುಕೊಂಡರು. ಕೆಲವು ದಿನ ಬಿಟ್ಟು ನೋಡಿದರೆ ಅದು ಜಾಗ ಬದಲಿಸಿತ್ತು. ಬೇರೆ ವಿದ್ವಾಂಸರು ಲೆಕ್ಕ ಹಾಕಿ, ಇದು ಶನಿಯಾಚೆಗಿನ ಗ್ರಹವೆಂದು ತೋರಿಸಿದರು. ಇಂದಿಗೂ ಕೆಲವು ಪಂಚಾಂಗಗಳಲ್ಲಿ ಯುರೇನಸ್ಸನ್ನು 'ಹರ್ಷಲ' ಎಂದು ಬರೆಯುವುದು ಈ ಮೇಷ್ಟರ ಹೆಸರಿನಿಂದಲೇ.

ಆ ಮನೆಯ ತಂಗಿ

ಹರ್ಷೆಲ್‌ರ ಹೆಸರು ಶಾಲೆಯ ಪುಸ್ತಕದಲ್ಲಿದೆ. ಅವರ ತಂಗಿ ಕ್ಯಾರೊಲಿನ್ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕ್ಯಾರೊಲಿನ್ ಹುಟ್ಟಿದ್ದು 1750ರಲ್ಲಿ, ಜರ್ಮನಿಯ ಹ್ಯಾನೋವರಿನಲ್ಲಿ. ಹತ್ತನೆಯ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು ಬೆಳವಣಿಗೆ ನಿಂತು, ಎತ್ತರ ನಾಲ್ಕಡಿಯ ಮೇಲೆ ಮೂರು ಅಂಗುಲದಷ್ಟೇ ಆಯಿತು. "ಇವಳ ಮದುವೆ ಆಗುವಂಥದಲ್ಲ, ಮನೆಗೆಲಸ ಕಲಿತರೆ ಸಾಕು" ಎಂಬುದು ತಾಯಿಯ ತೀರ್ಮಾನ. ಅಣ್ಣ ಅವಳನ್ನು ಇಂಗ್ಲೆಂಡಿಗೆ ಕರೆಯಲು ಬಂದಾಗ ಮನೆಗೆಲಸದ ಚಿಂತೆ ಎದ್ದಿತು. ಕೆಲಸದವಳನ್ನು ಇಟ್ಟುಕೊಳ್ಳಲು ತಾಯಿಗೆ ವರ್ಷ ವರ್ಷ ಹಣ ಕೊಡಲು ಅಣ್ಣ ಒಪ್ಪಿದ. ತಂಗಿಯೂ ಮನೆಯವರಿಗೆ ಎರಡು ವರ್ಷಕ್ಕಾಗುವಷ್ಟು ಕಾಲುಚೀಲ ಹೆಣೆದಿಟ್ಟು, 1772ರಲ್ಲಿ ಅಣ್ಣನ ಜೊತೆ ಹೊರಟಳು. ಊರಿಗೆ ಹೊರಡುವ ಮೊದಲು ನಾಲ್ಕು ದಿನದ ಚಟ್ನಿಪುಡಿ ಕುಟ್ಟಿ, ರೊಟ್ಟಿ ಬಡಿದಿಟ್ಟು ಹೋಗುವ ನಮಗೆ ಈ ಮಾತು ಬಿಡಿಸಿ ಹೇಳಬೇಕೇ?

ಅಲ್ಲಿ ಅವಳು ಅಡಿಗೆ ಮಾಡಿದಳು, ಲೆಕ್ಕ ಬರೆದಳು, ಹಾಡು ಕಲಿತು ಕಚೇರಿಗಳಲ್ಲಿ ಹಾಡಿದಳು. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದಳು. ಒಮ್ಮೆ ಅಣ್ಣ ಹದಿನಾರು ತಾಸು ಕೈಯೆತ್ತದೆ ಕನ್ನಡಿ ಉಜ್ಜುತ್ತಿದ್ದಾಗ ತುತ್ತು ತುತ್ತಾಗಿ ಅವನ ಬಾಯಿಗೆ ಊಟ ಇಟ್ಟಳು. 1781ರಲ್ಲೇ ಇನ್ನೂ ದೊಡ್ಡ ಕನ್ನಡಿಯೊಂದನ್ನು ಎರಕ ಹೊಯ್ಯುವಾಗ ಕಾದ ಲೋಹ ಸೋರಿ, ನೆಲದ ಹಾಸುಗಲ್ಲುಗಳು ಸಿಡಿದು ಚಾವಣಿಯವರೆಗೆ ಹಾರಿದ್ದವು. ಮನೆಯೆಂದರೆ ಹೀಗಿತ್ತು!

ಮುಂದೆ ಅಣ್ಣ ದೂರದರ್ಶಕದ ಬಳಿ ನಿಂತು ಕೂಗಿ ಹೇಳಿದ್ದನ್ನು ರಾತ್ರಿಯಿಡೀ ಗಡಿಯಾರ ನೋಡಿ ಬರೆದುಕೊಳ್ಳುವುದು, ಹಗಲು ಅದನ್ನು ಅಚ್ಚುಕಟ್ಟಾಗಿ ಪ್ರತಿ ಮಾಡಿ ಲೆಕ್ಕ ಹಾಕುವುದು ಅವಳ ಪಾಲಿಗೆ ಬಂತು. 1787ರ ಜನವರಿ 11ರಂದು ಹರ್ಷೆಲ್ ಯುರೇನಸ್ಸಿಗೆ ಎರಡು ಚಂದ್ರರನ್ನು ಕಂಡರು. ಟೈಟಾನಿಯಾ, ಒಬೆರಾನ್ ಎಂಬ ಹೆಸರು ಅವಕ್ಕೆ ಆಮೇಲೆ ಬಂದವು. ಅಷ್ಟರಲ್ಲಿ ಕ್ಯಾರೊಲಿನ್ ಸ್ವಂತವಾಗಿಯೂ ಆಕಾಶ ಗುಡಿಸತೊಡಗಿದ್ದಳು. 1786ರ ಆಗಸ್ಟ್ 1ರಂದು ಒಂದು ಧೂಮಕೇತು ಕಂಡುಹಿಡಿದಳು. 1797ರವರೆಗೆ ಒಟ್ಟು ಎಂಟು! 1787ರಲ್ಲಿ ಅರಸ ಅವಳಿಗೆ ವರ್ಷಕ್ಕೆ 50 ಪೌಂಡು ಸಂಬಳ ಗೊತ್ತು ಮಾಡಿದ. ತನ್ನ ಮನಸ್ಸಿಗೆ ಬಂದಂತೆ ಖರ್ಚು ಮಾಡಬಹುದಾದ ಹಣ ಜೀವನದಲ್ಲಿ ಮೊದಲ ಸಲ ಕೈಗೆ ಬಂದದ್ದು ಆಗಲೇ ಎಂದು ಅವಳು ನೆನೆದಿದ್ದಾಳೆ. ಆಗ ಅವಳಿಗೆ 37 ವರ್ಷ.

ಮೊದಲು ಹೇಳಿದ ಫ್ಲಾಮ್‌ಸ್ಟೀಡ್ ನೆನಪಿದೆಯಲ್ಲ? ಅವರ ಆ ದೊಡ್ಡ ಪಟ್ಟಿಯನ್ನು ಸಾಲು ಸಾಲಾಗಿ ಪರೀಕ್ಷಿಸಿ, ತಪ್ಪುಗಳನ್ನು ತಿದ್ದಿ, ಬಿಟ್ಟುಹೋದ 500ಕ್ಕಿಂತ ಹೆಚ್ಚು ನಕ್ಷತ್ರಗಳನ್ನು ಸೇರಿಸಿ 1798ರಲ್ಲಿ ಪ್ರಕಟಿಸಿದವಳು ಇದೇ ಕ್ಯಾರೊಲಿನ್. 1828ರಲ್ಲಿ ರಾಯಲ್ ಖಗೋಳ ಸಂಘ ಅವಳಿಗೆ ಚಿನ್ನದ ಪದಕ ಕೊಟ್ಟಿತು. 97 ವರ್ಷ ತುಂಬು ಬಾಳು ಬಾಳಿ 1848ರಲ್ಲಿ ತೀರಿಕೊಂಡಳು.

ನಮ್ಮ ಕಾವಲೂರಿನ ಆ ರಾತ್ರಿ

ಇನ್ನು ನಮ್ಮ ದೇಶದ ಮಾತು. ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ. ಇದರ ವೇಧಶಾಲೆ ತಮಿಳುನಾಡಿನ ಜವ್ವಾದು ಬೆಟ್ಟದ ಕಾವಲೂರಿನಲ್ಲಿದೆ. ಅಲ್ಲಿ ಒಂದು ಮೀಟರ್ ಅಗಲದ ಕನ್ನಡಿಯ ದೂರದರ್ಶಕ 1972ರಲ್ಲಿ ಬಂತು.

1977ರ ಮಾರ್ಚ್ 10ರ ರಾತ್ರಿ ಯುರೇನಸ್ ಒಂದು ಮಂಕಾದ ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಗ್ರಹವು ನಕ್ಷತ್ರವನ್ನು ಎಷ್ಟು ಹೊತ್ತು ಮರೆಮಾಡುತ್ತದೆ ಎಂಬುದರಿಂದ ಅದರ ಅಳತೆ ತಿಳಿಯಬಹುದು. ಅದಕ್ಕಾಗಿ ಬೇರೆ ಬೇರೆ ಕಡೆ ವಿಜ್ಞಾನಿಗಳು ಕಾದಿದ್ದರು. ಕಾವಲೂರಿನಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಇದ್ದರು. ಗ್ರಹ ಇನ್ನೂ ಹತ್ತಿರ ಬರುವ ಮೊದಲೇ ನಕ್ಷತ್ರದ ಬೆಳಕು ಕೆಲವೇ ಕ್ಷಣ ಥಟ್ಟನೆ ಕುಗ್ಗಿ ಮತ್ತೆ ಮೊದಲಿನಂತಾಯಿತು! ಏನೋ ಅಡ್ಡ ಬಂದಿತ್ತು. ಅವರು ಅದನ್ನು ಮೋಡವೆಂದೋ ಯಂತ್ರದ ದೋಷವೆಂದೋ ತಳ್ಳಿಹಾಕಲಿಲ್ಲ. ಯುರೇನಸ್ಸಿನ ಹೊಸ ಚಂದ್ರ ಇರಬೇಕೆಂದು ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಅದೇ ರಾತ್ರಿ ಅಮೆರಿಕದ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದರು. ಅವರಿಗೆ ಗ್ರಹ ಅಡ್ಡ ಬರುವ ಮೊದಲು ಐದು ಸಲ, ದಾಟಿದ ಮೇಲೆ ಐದು ಸಲ ಬೆಳಕು ಕುಗ್ಗಿದ್ದು ಕಂಡಿತು. ಚಂದ್ರನಾದರೆ ಒಂದೇ ಕಡೆ ಅಡ್ಡ ಬರಬೇಕು. ಎರಡೂ ಕಡೆ ಅಷ್ಟಷ್ಟೇ ದೂರದಲ್ಲಿ ಅಡ್ಡ ಬಂದರೆ? ಅದು ಗ್ರಹವನ್ನು ಸುತ್ತುವರಿದ ಬಳೆಯೇ ಸರಿ. ರಾತ್ರಿ ಕಿಟಕಿಯ ಸರಳುಗಳ ಆಚೆ ಒಂದು ದೀಪವಿದೆ ಎನ್ನಿ. ನೀವು ಈ ಕಡೆಯಿಂದ ಆ ಕಡೆಗೆ ನಡೆದರೆ ಒಂದೊಂದು ಸರಳಿಗೂ ದೀಪ ಮಿಣುಕುತ್ತದಲ್ಲ, ಇದೂ ಹಾಗೆಯೇ. ನಮ್ಮ ನೈನಿತಾಲಿನ ವೇಧಶಾಲೆಯಲ್ಲಿಯೂ ಅದೇ ರಾತ್ರಿ ಇದರ ಗುರುತು ಸಿಕ್ಕಿತ್ತು. ಕಾವಲೂರಿನವರು ಚಂದ್ರನೆಂದು ತಿಳಿದದ್ದು ಯುರೇನಸ್ಸಿನ ಹೊರಗಿನ ಬಳೆಗಳಲ್ಲಿ ಒಂದು. 1986ರ ಜನವರಿ 24ರಂದು ವಾಯೇಜರ್ 2 ನೌಕೆ ಹತ್ತಿರ ಹೋಗಿ ಆ ತೆಳು, ಕಪ್ಪು ಬಳೆಗಳ ಚಿತ್ರ ತೆಗೆದುಕಳಿಸಿತು. ಹತ್ತು ಹೊಸ ಚಂದ್ರರೂ ಆಗ ಸಿಕ್ಕರು. ಈಗ ಗೊತ್ತಿರುವ ಬಳೆಗಳು 13, ಚಂದ್ರರು ಇಪ್ಪತ್ತೆಂಟಕ್ಕೂ ಹೆಚ್ಚು.

ನೋಡಿದಿರಾ? ಫ್ಲಾಮ್‌ಸ್ಟೀಡ್ ನಕ್ಷತ್ರ ಎಂದರು, ಹರ್ಷೆಲ್ ಧೂಮಕೇತು ಎಂದರು, ಕಾವಲೂರಿನವರು ಚಂದ್ರ ಎಂದರು. ಹೆಸರು ಮೂರೂ ತಪ್ಪು, ಆದರೆ ಕಂಡದ್ದು ಒಂದೂ ಸುಳ್ಳಲ್ಲ. ಹೊತ್ತು, ಜಾಗ ಸರಿಯಾಗಿ ಬರೆದಿಟ್ಟದ್ದರಿಂದ ಹೆಸರನ್ನು ಆಮೇಲೆ ತಿದ್ದಲು ಸಾಧ್ಯವಾಯಿತು. ಬರೆಯದೇ ಬಿಟ್ಟಿದ್ದರೆ ತಿದ್ದಲು ಏನಿರುತ್ತಿತ್ತು?

ನಮ್ಮ ಮಾಳಿಗೆಯ ಪರೀಕ್ಷೆ

ಈ ಕಥೆ ಓದಿದ ಮೇಲೆ ನನಗೂ ಹುರುಪು ಬಂತು. ಸೈನ್ಯದಿಂದ ನಿವೃತ್ತರಾದ ನಮ್ಮಣ್ಣ ಕೊಟ್ಟ ಹಳೆಯ ದುರ್ಬೀನು ಕಪಾಟಿನಲ್ಲಿತ್ತು. 2025ರ ಕಾರ್ತಿಕದ ಅಮಾವಾಸ್ಯೆಯಂದು ಮಾಳಿಗೆ ಹತ್ತಿದೆ. ಕೃತ್ತಿಕೆಯ ಗೊಂಚಲಿನ ಕೆಳಗೆ ಹುಡುಕಿ ಒಂದು ಚುಕ್ಕಿಯನ್ನು ತೋರಿಸಿ, "ಅದೇ ಯುರೇನಸ್" ಎಂದೆ. ಮಗ ನಕ್ಕ: "ಅವ್ವಾ, ಅದು ಬರೇ ಚುಕ್ಕಿ ಐತಿ." ಮನೆಯವರು ದುರ್ಬೀನು ಹಿಡಿದು ನೋಡಿ, "ನೀ ಬ್ಯಾರೆ ಚುಕ್ಕಿ ಹಿಡಿದಿರಬೇಕು ಬಿಡು" ಎಂದು ಕೆಳಗಿಳಿದರು. ನಾನು ವಾದಕ್ಕೆ ಹೋಗಲಿಲ್ಲ. ಹಾಲಿನ ವಹಿಯ ಕೊನೆಯ ಹಾಳೆಯಲ್ಲಿ ಒಂದು ಬಟ್ಟಲು ಕವುಚಿ ಇಟ್ಟು ವೃತ್ತ ಎಳೆದೆ. ಒಳಗೆ ಕಂಡಷ್ಟು ಚುಕ್ಕಿ ಇಟ್ಟು ತಾರೀಖು ಬರೆದೆ.

ಮೂರು-ನಾಲ್ಕು ದಿನಕ್ಕೊಮ್ಮೆ ಹೀಗೇ ನಡೆಯಿತು. ನಡುವೆ ಬೆಳುದಿಂಗಳು, ಒಮ್ಮೆ ಮೋಡ, ಒಮ್ಮೆ ಮನೆತುಂಬ ಬೀಗರು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಉಳಿದ ಸಜ್ಜೆರೊಟ್ಟಿ, ಎಣ್ಣೆಗಾಯಿ ಗಂಟು ಕಟ್ಟಿಕೊಂಡು ಮನೆಗೆ ಬಂದ ರಾತ್ರಿ ಕೊನೆಯ ವೃತ್ತ ಬರೆದೆ. ಹಾಳೆಗಳನ್ನು ಸಾಲಾಗಿ ಹರಡಿದಾಗ ಉಳಿದ ಚುಕ್ಕಿಗಳೆಲ್ಲ ಇದ್ದಲ್ಲೇ ಇದ್ದವು. ನನ್ನ ಚುಕ್ಕಿ ಮಾತ್ರ ಪಡುವಣದ ಜೋಡಿ ಚುಕ್ಕಿಗಳ ಕಡೆಗೆ ಸರಿದುಬಿಟ್ಟಿತ್ತು! ಮಗ ಹಾಳೆ ತಿರುತಿರುಗಿಸಿ ನೋಡಿದ, ನಗಲಿಲ್ಲ. ಮನೆಯವರು ಚಾದರ ಹೊದ್ದು ತಾವೇ ಮಾಳಿಗೆ ಹತ್ತಿದರು.

ನೀವೂ ನೋಡಬೇಕೆಂದರೆ

ಯಾವಾಗ: ನವೆಂಬರಿನಿಂದ ಜನವರಿಯವರೆಗೆ ಹೊತ್ತು ಅನುಕೂಲ. ಅಮಾವಾಸ್ಯೆಯ ಹಿಂದೆಮುಂದೆ ನಾಲ್ಕೈದು ದಿನ ಬಲು ಚೆನ್ನ. ಹುನಗುಂದ, ಇಳಕಲ್ಲು, ಬಾದಾಮಿ ಕಡೆಯ ಹಳ್ಳಿಗಳಲ್ಲಿ ತವರುಮನೆ ಇದ್ದರೆ ಅಲ್ಲಿ ಹೋದಾಗ ನೋಡಿ. ಬೀದಿದೀಪ ಕಡಿಮೆ ಇದ್ದಷ್ಟೂ ಒಳ್ಳೆಯದು.

ಎಲ್ಲಿ: ಮಳೆಗಳ ಹೆಸರಾಗಿ ನಮಗೆಲ್ಲ ಗೊತ್ತಿರುವ ಕೃತ್ತಿಕೆ, ರೋಹಿಣಿ ನಕ್ಷತ್ರಗಳನ್ನು ಮೊದಲು ಗುರುತಿಸಿ. ಕೃತ್ತಿಕೆ ಪುಟ್ಟ ಗೊಂಚಲು, ರೋಹಿಣಿ ಕೆಂಪು ಛಾಯೆಯ ದೊಡ್ಡ ಚುಕ್ಕಿ. 2025ರಿಂದ 2027ರವರೆಗಿನ ಚಳಿಗಾಲಗಳಲ್ಲಿ ಯುರೇನಸ್ ಇವೆರಡರ ಆಸುಪಾಸಿನಲ್ಲೇ. 1690ರಿಂದ ಸರಿಯಾಗಿ ನಾಲ್ಕು ಸುತ್ತು ಮುಗಿಸಿ, ಫ್ಲಾಮ್‌ಸ್ಟೀಡ್ ಕಂಡ ಸೀಮೆಗೇ ಮರಳಿ ಬಂದಿದೆ! ನಿಖರವಾದ ಜಾಗಕ್ಕೆ ಮೊಬೈಲಿನ ಆಕಾಶ ನಕ್ಷೆಯನ್ನು ಮಕ್ಕಳಿಂದ ತೆಗೆಸಿ ನೋಡಿಕೊಳ್ಳಿ.

ಯಾವುದರಿಂದ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, 50 ಮಿಲಿಮೀಟರ್ ಗಾಜಿನ ಸಾಧಾರಣ ದುರ್ಬೀನು ಸಾಕು. ಆದರೆ ಚುಕ್ಕಿಯಾಗಿಯೇ ಕಾಣುತ್ತದೆ. ಚಾಪೆಯ ಮೇಲೆ ಕೌದಿ ಹಾಸಿ ಮಲಗಿ ನೋಡಿದರೆ ಕತ್ತು ನೋಯುವುದಿಲ್ಲ, ಕೈಯೂ ನಡುಗುವುದಿಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಮೊಬೈಲು ದೂರವಿರಲಿ. ಬರೆಯಲು ಬ್ಯಾಟರಿ ದೀಪ ಬೇಕಾದರೆ ಅದಕ್ಕೆ ಕೆಂಪು ಕಾಗದ ಸುತ್ತಿ.

ದೂರದರ್ಶಕ ಇದ್ದರೆ: ಮೂರು-ನಾಲ್ಕು ಅಂಗುಲದ್ದರಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡಿದಾಗ ಒಂದು ಗಜ ದೂರದಲ್ಲಿ ಹಿಡಿದ ಸಾಸಿವೆ ಕಾಳಿನಷ್ಟು ಬಿಲ್ಲೆ ಕಾಣುತ್ತದೆ, ತಿಳಿಯಾದ ಹಸಿರು-ನೀಲಿ ಬಣ್ಣ. ಅಲ್ಲಿಯ ಗಾಳಿಯಲ್ಲಿರುವ ಮೀಥೇನ್ ಅನಿಲ ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಆ ಬಣ್ಣ. ಪುಸ್ತಕದ ಚಿತ್ರದಂತೆ ಕಾಣಲಿಲ್ಲವೆಂದು ನಿರಾಶರಾಗಬೇಡಿ. ಅದರ ಚಂದ್ರರು ಸಣ್ಣ ದೂರದರ್ಶಕಕ್ಕೆ ಸಿಗುವವರಲ್ಲ. ಟೈಟಾನಿಯಾ, ಒಬೆರಾನ್ ಕಾಣಲು ಎಂಟು-ಹತ್ತು ಅಂಗುಲದ ಕನ್ನಡಿ, ಕಡುಗತ್ತಲೆ, ಪಳಗಿದ ಕಣ್ಣು ಮೂರೂ ಬೇಕು.

ಚಂದ್ರರನ್ನು ನೋಡುವ ಆಸೆಯೇ? ಗುರುಗ್ರಹದಿಂದ ಆರಂಭಿಸಿ. ದುರ್ಬೀನನ್ನು ಗೋಡೆಗೆ ಆನಿಸಿ ಅಲುಗದಂತೆ ಹಿಡಿದರೆ ಗುರುವಿನ ಅಕ್ಕಪಕ್ಕ ಒಂದೇ ಗೆರೆಯಲ್ಲಿ ಪೋಣಿಸಿದಂತೆ ನಾಲ್ಕು ಚಂದ್ರರು; ಕೆಲವು ದಿನ ಮೂರೇ, ಎರಡೇ. ದಿನಾಲೂ ಬರೆದರೆ ಅವರ ಓಡಾಟ ವಾರದಲ್ಲೇ ತಿಳಿಯುತ್ತದೆ. 1610ರಲ್ಲಿ ಗೆಲಿಲಿಯೋ ಕೂಡ ಅವನ್ನು ಮೊದಲು ನಕ್ಷತ್ರಗಳೆಂದೇ ತಿಳಿದಿದ್ದ! ಮೂರು ಅಂಗುಲದ ದೂರದರ್ಶಕದಲ್ಲಿ ಶನಿಯ ದೊಡ್ಡ ಚಂದ್ರ ಟೈಟಾನ್ ಕೂಡ ಕಾಣುತ್ತದೆ.

ಎಚ್ಚರಿಕೆ: ಹಗಲು ಮಕ್ಕಳ ಕೈಗೆ ದುರ್ಬೀನು ಕೊಡಬೇಡಿ. ಅದರಲ್ಲಿ ಒಂದು ಕ್ಷಣ ಸೂರ್ಯನನ್ನು ನೋಡಿದರೂ ಕಣ್ಣು ಹೋಗುತ್ತದೆ.

ಬರೆಯುವಾಗ: ತಾರೀಖು, ಹೊತ್ತು ಮರೆಯಬೇಡಿ. ಹಿಂದಿನ ಹಾಳೆ ನೋಡಿ ಬರೆಯಬೇಡಿ. ಇದ್ದದ್ದನ್ನಷ್ಟೇ ಬರೆಯಿರಿ, ಇರಬೇಕೆಂದು ನಿಮಗೆ ಅನಿಸಿದ್ದನ್ನಲ್ಲ.

ಅತ್ತೆಯವರ ಹಾಳೆ

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಅತ್ತೆಯವರು ಹಳೆ ಬಾಗಲಕೋಟೆಯಲ್ಲಿ ಬಾಳಿದವರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಆ ಮನೆ ಹೋಯಿತು, ನಾವು ನವನಗರಕ್ಕೆ ಬಂದೆವು. ಮೊದಮೊದಲು ನಾನು ಮಾಳಿಗೆಗೆ ಹೊರಟರೆ, "ಥಂಡ್ಯಾಗ ಚುಕ್ಕಿ ಏನ್ ಎಣಸ್ತಿ ಯವ್ವಾ, ಒಳಗ ಬಾ" ಎನ್ನುತ್ತಿದ್ದರು. ಆ ಎಳ್ಳಮಾವಾಸ್ಯೆಯ ರಾತ್ರಿ ಹಾಳೆಗಳನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಹೇಳಿದರು:

"ಮನಿ ಅಳತಿ ಮಾಡಾಕ ಬಂದಾಗ ಗಂಡಸರನ್ನ ಕೇಳಿ ಬರಕೊಂಡು ಹೋದ್ರು. ಹಿತ್ತಲದಾಗ ಎಷ್ಟು ಗಿಡ ಅದಾವು ಅಂತ ನನ್ನ ಯಾರೂ ಕೇಳಲಿಲ್ಲ. ದಿನಾ ನೀರು ಹಾಕಾಕಿ ನಾನು. ನಾನೂ ಬರದಿಡಲಿಲ್ಲ ನೋಡು."

ನಾನು ವಹಿಯ ಹೊಸ ಹಾಳೆ ತೆಗೆದು ಪೆನ್ಸಿಲು ಹಿಡಿದೆ. ಅತ್ತೆಯವರು ಕಣ್ಣು ಮುಚ್ಚಿಕೊಂಡು ಬಾವಿಕಟ್ಟೆಯಿಂದ ಶುರು ಮಾಡಿದರು. ಲಿಂಬಿ ಗಿಡ ಎರಡು, ನುಗ್ಗಿ ಒಂದು, ಕರಿಬೇವು ಒಂದು, ಗೋಡೆಗೆ ಹಬ್ಬಿದ ಮಲ್ಲಿಗಿ ಬಳ್ಳಿ ಒಂದು, ಬಚ್ಚಲ ನೀರು ಹರಿಯುವಲ್ಲಿ ಬಾಳಿ ಮೂರು. ಅವರು ಹೇಳಿದ ಹೇಳಿದಲ್ಲಿ ಒಂದೊಂದು ಚುಕ್ಕಿ ಇಟ್ಟೆ. ಆ ಹಾಳೆಯೂ ಈಗ ಹಾಲಿನ ವಹಿಯಲ್ಲಿ, ಯುರೇನಸ್ಸಿನ ಹಾಳೆಯ ಪಕ್ಕದಲ್ಲೇ ಇದೆ.